ವಾಟರ್ಲೂ, ಸಂಜೆ 7 ಗಂಟೆ: 70 ಸಾವಿರ ಪುಟ್ಟ ಸೈನಿಕರ ಲೆಕ್ಕ

ಈ ಸಲ ಒಂದು ಗೊಂಬೆ ಜೋಡಣೆಯ ಕಥೆ ಹೇಳ್ತೀನಿ.

ದಸರಾದಲ್ಲಿ ಗೊಂಬೆ ಕೂರಿಸೋದನ್ನು ನೀವು ನೋಡಿರಬಹುದು. ಪಟ್ಟದ ಗೊಂಬೆಗಳ ಕೆಳಗೆ, ಒಂದು ಮೂಲೆಯಲ್ಲಿ ಮಣ್ಣು ಹಾಸಿ, ರಾಗಿ ಪೈರು ಬರಿಸಿ, ಪುಟ್ಟ ಆನೆ, ಪುಟ್ಟ ಸಿಪಾಯಿಗಳನ್ನಿಟ್ಟು ಜಂಬೂಸವಾರಿ ಮಾಡಿರ್ತಾರೆ. ಒಂದು ಜಾಗ, ಒಂದು ಗಳಿಗೆ, ಚಿಕ್ಕ ಅಳತೆಯಲ್ಲಿ. ಮ್ಯೂಸಿಯಂಗಳಲ್ಲಿ ಇಂಥದ್ದನ್ನು ಡಯೋರಾಮ ಅಂತಾರೆ. ಯುದ್ಧದ ನೆನಪಿಗಾಗಿ ಇವನ್ನು ಕಟ್ಟುವ ರೂಢಿ ಹಲವು ದೇಶಗಳಲ್ಲಿದೆ.

ಲಂಡನ್ನಿನ ಚೆಲ್ಸಿಯಾದ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿ ಅಂಥದ್ದೊಂದಿದೆ. ಜಾಗ: ಈಗಿನ ಬೆಲ್ಜಿಯಂನಲ್ಲಿರುವ ವಾಟರ್ಲೂ ರಣಭೂಮಿ. ದಿನ: 1815ರ ಜೂನ್ 18, ಭಾನುವಾರ. ಹೊತ್ತು: ಸಂಜೆ ಸುಮಾರು 7 ಗಂಟೆ. ನೆಪೋಲಿಯನ್ ತನ್ನ ಕೊನೆಯ ಮೀಸಲು ಪಡೆಯಾದ ಇಂಪೀರಿಯಲ್ ಗಾರ್ಡನ್ನು ಮುಂದಕ್ಕೆ ಬಿಟ್ಟಿದ್ದಾನೆ. ಎದುರಿಗೆ ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್. ಇಡೀ ಮಾದರಿ ಸುಮಾರು 21 ಅಡಿ ಉದ್ದ. ಅದರ ಮೇಲೆ ತವರ-ಸೀಸದ 70 ಸಾವಿರಕ್ಕೂ ಹೆಚ್ಚು ಗೊಂಬೆಗಳು. ಒಂದೊಂದೂ ಸುಮಾರು ಒಂದು ಸೆಂಟಿಮೀಟರ್ ಎತ್ತರ.

ಇದನ್ನು ಕಟ್ಟಿದವನು ವಿಲಿಯಂ ಸೈಬರ್ನ್ ಅನ್ನೋ ಸೇನಾಧಿಕಾರಿ. ವಾಟರ್ಲೂ ಯುದ್ಧದಲ್ಲಿ ಅವನು ಇರಲಿಲ್ಲ. ಅವನಿಗೆ ಗೊತ್ತಿದ್ದ ವಿದ್ಯೆ ಮೋಜಣಿ, ಅಂದರೆ ಭೂಮಿ ಅಳೆದು ನಕ್ಷೆ ಮಾಡೋ ಕೆಲಸ. 1830ರಲ್ಲಿ ಸೇನೆಯಿಂದ ಅವನಿಗೆ ಈ ಕೆಲಸ ಬಂತು. ಅವನು ಲಾ ಹೇ ಸಾಂತ್ ಎಂಬ ತೋಟದಮನೆಯಲ್ಲಿ ಸುಮಾರು 8 ತಿಂಗಳು ಉಳಿದು, ದಿಬ್ಬ, ಹಳ್ಳ, ಬೇಲಿ, ರಸ್ತೆ ಎಲ್ಲವನ್ನೂ ಅಳೆದ. ಆ ತೋಟದಮನೆಗಾಗಿಯೇ ಯುದ್ಧದ ದಿನ ಸಾವಿರಾರು ಜನ ಬಡಿದಾಡಿದ್ದರು.

ನನ್ನ ಉದ್ಯೋಗ ಡೇಟಾ ಸೈನ್ಸ್. ಹಾಗಾಗಿ ಇಂಥದ್ದನ್ನು ನೋಡಿದ ತಕ್ಷಣ ತಲೆ ಸ್ಕೇಲ್ ಕಡೆಗೆ ಹೋಗುತ್ತೆ. ನೀವೂ ನನ್ನ ಜೊತೆ ಲೆಕ್ಕ ಮಾಡಿ. ಈ ಮಾದರಿಯಲ್ಲಿ ನಿಜವಾದ ಒಂದು ಮೈಲಿ ಅಂದರೆ 9 ಅಡಿ. ಒಂದು ಮೈಲಿಗೆ 5,280 ಅಡಿ. ಅಂದರೆ ನೆಲ ಸುಮಾರು 587 ಪಟ್ಟು ಕುಗ್ಗಿದೆ. ಆ ಅಳತೆಯಲ್ಲಿ ಒಬ್ಬ ಮನುಷ್ಯ 3 ಮಿಲಿಮೀಟರ್ ಇರಬೇಕು, ಒಂದು ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಅಷ್ಟು ಚಿಕ್ಕದಾದರೆ ಯಾರ ಕಣ್ಣಿಗೂ ಸರಿಯಾಗಿ ಕಾಣಲ್ಲ. ಅದಕ್ಕೇ ಗೊಂಬೆಗಳು ದೊಡ್ಡವಿವೆ. ಆ ನೆಲದ ಲೆಕ್ಕದಲ್ಲಿ ಒಬ್ಬೊಬ್ಬ ಸೈನಿಕನೂ ಸುಮಾರು 19 ಅಡಿ ಎತ್ತರದ ದೈತ್ಯ! ದೈತ್ಯರಾದ ಮೇಲೆ ಎಲ್ಲರಿಗೂ ಜಾಗ ಸಾಲಲ್ಲ. ಹಾಗಾಗಿ ಸುಮಾರು ಇಬ್ಬರು ಸೈನಿಕರಿಗೆ ಒಂದು ಗೊಂಬೆ ಅಂತ ಲೆಕ್ಕ ಹಿಡಿದ.

ಇದರಲ್ಲಿ ಮೋಸ ಏನಿಲ್ಲ. ಯಾವ ಮಾದರಿಯಾದರೂ ಏನನ್ನಾದರೂ ಬಿಡಲೇಬೇಕು. ಆದರೆ ಏನನ್ನು ಬಿಡಬೇಕು, ಅದನ್ನು ಯಾರು ತೀರ್ಮಾನಿಸಿದರು, ಅನ್ನೋ ಪ್ರಶ್ನೆ ಇದೆಯಲ್ಲ, ಸೈಬರ್ನ್ ಕಥೆಯ ಜೀವ ಅಲ್ಲಿದೆ.

ನೆಲವನ್ನು ಅಳೆಯಬಹುದು, ಅದು ಓಡಿಹೋಗಲ್ಲ. (ಪೂರ್ತಿ ಹಾಗೂ ಅಲ್ಲ. 1826ರ ಹೊತ್ತಿಗೆ ಅಲ್ಲಿ ಸಿಂಹದ ಸ್ಮಾರಕಕ್ಕಾಗಿ ದೊಡ್ಡ ಗುಡ್ಡ ಕಟ್ಟಿದರು. ಅದಕ್ಕೆ ಬೇಕಾದ ಮಣ್ಣನ್ನು ರಣಭೂಮಿಯ ದಿಣ್ಣೆಯಿಂದಲೇ ಅಗೆದು ತೆಗೆದಿದ್ದರು.) ಆದರೆ ಸಂಜೆ 7 ಗಂಟೆಗೆ ಯಾವ ತುಕಡಿ ಎಲ್ಲಿತ್ತು? ಅದು ಇದ್ದದ್ದು ಜನರ ನೆನಪಿನಲ್ಲಿ ಮಾತ್ರ. ಸೈಬರ್ನ್ ಬದುಕಿದ್ದ ಅಧಿಕಾರಿಗಳಿಗೆಲ್ಲ ನಕ್ಷೆಯ ಜೊತೆ ಸುತ್ತೋಲೆ ಕಳಿಸಿದ. ಆ ಹೊತ್ತಿಗೆ ನಿಮ್ಮ ತುಕಡಿ ಎಲ್ಲಿತ್ತು? ಎದುರಿಗೆ ಶತ್ರುಗಳು ಹೇಗೆ ನಿಂತಿದ್ದರು? ನೀವಿದ್ದ ಹೊಲದಲ್ಲಿ ಯಾವ ಬೆಳೆ ಇತ್ತು?

ಬೆಳೆಯ ಪ್ರಶ್ನೆ ನನಗೆ ತುಂಬ ಇಷ್ಟ. ಯುದ್ಧ ಅಂದರೆ ನಾವು ಫಿರಂಗಿ, ಕುದುರೆ ಅಂತೀವಿ. ಆದರೆ ಅದು ಯಾರದೋ ಹೊಲ. ಜೂನ್ ತಿಂಗಳು, ಪೈರು ಎತ್ತರಕ್ಕೆ ನಿಂತಿದ್ದ ಕಾಲ.

ಸುಮಾರು 700 ಉತ್ತರಗಳು ಬಂದವು. ಆ ಕಾಲಕ್ಕೆ ಒಂದೇ ಯುದ್ಧದ ಬಗ್ಗೆ ಇಷ್ಟು ಪ್ರತ್ಯಕ್ಷದರ್ಶಿಗಳನ್ನು ಹೀಗೆ ಕ್ರಮವಾಗಿ ಕೇಳಿದ್ದು ದೊಡ್ಡ ಸಂಗತಿ. ಆದರೆ ಈ ಡೇಟಾದ ಗುಣ ನೋಡಿ. ಕೇಳಿದ್ದು ಸುಮಾರು 20 ವರ್ಷ ಕಳೆದ ಮೇಲೆ. ಕೇಳಿದ್ದು ಬದುಕುಳಿದವರನ್ನು. ಅದರಲ್ಲೂ ಅಧಿಕಾರಿಗಳನ್ನು, ಸಾಲಿನಲ್ಲಿ ನಿಂತು ಗುಂಡು ಹಾರಿಸಿದ ಸಾಮಾನ್ಯ ಸಿಪಾಯಿಯನ್ನಲ್ಲ. ಪ್ರತಿಯೊಬ್ಬನೂ ನೋಡಿದ್ದು ಹೊಗೆಯ ನಡುವೆ ತನ್ನ ಮುಂದಿದ್ದ ಸ್ವಲ್ಪ ಜಾಗ. ಇಂಪೀರಿಯಲ್ ಗಾರ್ಡನ್ನು ಹಿಮ್ಮೆಟ್ಟಿಸಿದ್ದು ಬ್ರಿಟಿಷ್ ಗಾರ್ಡ್ಸ್ ಪಡೆಯೋ, 52ನೇ ರೆಜಿಮೆಂಟೋ ಅನ್ನೋ ಜಗಳ ಮುಂದಿನ ಹಲವು ದಶಕ ನಡೀತು. ಮಾದರಿಯ ತುಂಬ ಇರೋದು ಸಿಪಾಯಿಗಳ ಗೊಂಬೆಗಳೇ, ಆದರೆ ಅವರು ಎಲ್ಲಿ ನಿಲ್ಲಬೇಕು ಅಂತ ಹೇಳಿದ್ದು ಅವರ ಮೇಲಧಿಕಾರಿಗಳು.

ಇಷ್ಟರಲ್ಲಿ ದುಡ್ಡೂ ನಿಂತಿತು. 1833ರಲ್ಲಿ ಸರ್ಕಾರ ಇನ್ನು ಹಣ ಕೊಡಲ್ಲ ಅಂತು. ಸೈಬರ್ನ್ ಸಾಲ ಮಾಡಿ ಮುಂದುವರಿಸಿದ. ಒಟ್ಟು ಖರ್ಚು ಸುಮಾರು 3,000 ಪೌಂಡ್. 1838ರಲ್ಲಿ ಲಂಡನ್ನಿನ ಪಿಕಾಡಿಲಿಯ ಈಜಿಪ್ಷಿಯನ್ ಹಾಲ್‌ನಲ್ಲಿ ಪ್ರದರ್ಶನಕ್ಕಿಟ್ಟಾಗ ತಲೆಗೊಂದು ಶಿಲ್ಲಿಂಗ್ ಕೊಟ್ಟು ಸುಮಾರು 1 ಲಕ್ಷ ಜನ ನೋಡಿದರು. ಆದರೂ ಹಾಕಿದ ಹಣ ಅವನಿಗೆ ವಾಪಸ್ ಬರಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಪ್ರಷ್ಯನ್ನರದ್ದು. ಪ್ರಷ್ಯ ಅಂದರೆ ಈಗಿನ ಜರ್ಮನಿಯ ಭಾಗವಾಗಿದ್ದ ರಾಜ್ಯ. ಅದರ ಸೇನಾಪತಿ ಬ್ಲೂಷರ್ ವೆಲಿಂಗ್ಟನ್‌ನ ನೆರವಿಗೆ ಬಂದ. ಅವನ ಪಡೆ ಸಂಜೆ ಸುಮಾರು ನಾಲ್ಕೂವರೆಯಿಂದಲೇ ಫ್ರೆಂಚರ ಬಲಬದಿಯ ಮೇಲೆ ಬಿದ್ದಿತ್ತು. ಸೈಬರ್ನ್ ಬರ್ಲಿನ್‌ಗೂ ಪತ್ರ ಬರೆದು ಮಾಹಿತಿ ತರಿಸಿದ. ಅದರಂತೆ ಇಟ್ಟರೆ, 7 ಗಂಟೆಯ ಹೊತ್ತಿಗೆ ಮೈದಾನದ ಒಂದು ಬದಿ ಪೂರ್ತಿ ಪ್ರಷ್ಯನ್ನರೇ. ಆಗ ನೋಡಿದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತೆ: ಹಾಗಾದರೆ ಯುದ್ಧ ಗೆದ್ದವರು ಯಾರು?

ವೆಲಿಂಗ್ಟನ್‌ಗೆ ಇದು ಹಿಡಿಸಲಿಲ್ಲ. ಯುದ್ಧದ ಮರುದಿನ ಬರೆದ ವರದಿಯಲ್ಲಿ ಅವನೇ ಪ್ರಷ್ಯನ್ನರ ನೆರವನ್ನು ಒಪ್ಪಿಕೊಂಡಿದ್ದ, ಅದನ್ನೂ ಹೇಳಬೇಕು. ಆದರೆ ವರದಿಯಲ್ಲಿ ಒಂದು ಸಾಲು ಬರೆಯೋದು ಬೇರೆ, ಜನ ಟಿಕೆಟ್ ಕೊಟ್ಟು ನೋಡೋ ಮೈದಾನದಲ್ಲಿ ಸಾವಿರಾರು ಗೊಂಬೆ ಇಡೋದು ಬೇರೆ. ಕೊನೆಗೆ ಮಾದರಿಯಿಂದ ಬಹುಪಾಲು ಪ್ರಷ್ಯನ್ನರು ಮಾಯವಾದರು. ಸುಮಾರು 40 ಸಾವಿರ ಪ್ರಷ್ಯನ್ನರನ್ನು ವೆಲಿಂಗ್ಟನ್ ಕಡೆಯವರ ಒತ್ತಡದಿಂದ ತೆಗೆಸಲಾಯಿತು ಅಂತ ಪೀಟರ್ ಹೋಫ್‌ಶ್ರೋಯರ್ 2004ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದಾರೆ. ಈ ವಾದವನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ಕಾರಣ ಯಾವುದೇ ಇರಲಿ, ಇವತ್ತು ಮಾದರಿಯ ಮುಂದೆ ನಿಂತವರಿಗೆ ಕಾಣೋದು ಉಳಿದ ಗೊಂಬೆಗಳು ಮಾತ್ರ. ತೆಗೆದ ಜಾಗದಲ್ಲಿ ತೂತು ಕಾಣಲ್ಲ, ಬರೀ ಹಸಿರು ಹೊಲ ಕಾಣುತ್ತೆ.

ಇದೇ ವೆಲಿಂಗ್ಟನ್‌ಗೆ ನಮ್ಮೂರ ಕಡೆಯ ನಂಟೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ ಮೇಲೆ ಆ ಊರಿನ ಅಧಿಕಾರ ವಹಿಸಿಕೊಂಡ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಇವನೇ. ಕೆಲಕಾಲ ಅವನು ಟಿಪ್ಪುವಿನ ದರಿಯಾ ದೌಲತ್ ಅರಮನೆಯಲ್ಲಿ ವಾಸವಿದ್ದ. ಅಲ್ಲಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಸೇರಿ ಈಸ್ಟ್ ಇಂಡಿಯಾ ಕಂಪನಿಯ ಸೇನೆಯನ್ನು ಸೋಲಿಸಿದ ಯುದ್ಧ ಅದು. ಮದ್ದಿನ ಬಂಡಿ ಸಿಡಿಯುತ್ತಿದೆ, ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಸುತ್ತ ಅವನ ಸೈನಿಕರು ಸಾಲುಸಾಲಾಗಿ ಸಿಕ್ಕಿಹಾಕಿಕೊಂಡಿದ್ದಾರೆ.

1799ರ ಮುತ್ತಿಗೆಗೆ ಮುಂಚೆಯೇ ಈ ಚಿತ್ರವನ್ನು ಅಳಿಸಿದ್ದರು. ಅದನ್ನು ಸರಿಪಡಿಸಿದವನು ವೆಲ್ಲೆಸ್ಲಿ! ಆಮೇಲೆ ಮತ್ತೆ ಸುಣ್ಣ ಬಳಿದು ಹಾಳಾಯಿತು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದ. ಅಂದರೆ ಟಿಪ್ಪುವಿನ ಗೆಲುವಿನ ಚಿತ್ರ ಇವತ್ತು ನಮಗೆ ಸಿಕ್ಕಿರೋದು, ಅವನನ್ನು ಸೋಲಿಸಿದವರ ಕೈ ದಾಟಿ.

ನನಗನ್ನಿಸೋದು ಇಷ್ಟು. ಬೇರೆಯವರ ಸೋಲನ್ನು ಗೋಡೆ ಮೇಲೆ ಉಳಿಸೋದು ಸುಲಭ, ಅದು ಕಂಪನಿಯ ಯಾವನೋ ಹಳೆ ಕರ್ನಲ್‌ನ ಸೋಲು. ತನ್ನ ಗೆಲುವಿನಲ್ಲಿ ಇನ್ನೊಬ್ಬನಿಗೆ ಪಾಲು ಕೊಡೋದು ಕಷ್ಟ.

ಸೈಬರ್ನ್ 1849ರಲ್ಲಿ ತೀರಿಕೊಂಡ. ಅವನ ನಿಜವಾದ ಆಸ್ತಿ ಆ ಪತ್ರಗಳು. 1891ರಲ್ಲಿ ಅವನ ಮಗ ಕೆಲವನ್ನು ಆರಿಸಿ ಪುಸ್ತಕ ಮಾಡಿದ. ಮೂಲ ಪತ್ರಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ. ಗೊಂಬೆ ಎತ್ತಿಡಬಹುದು, ಆದರೆ ಯಾರು ಏನು ಹೇಳಿದ್ದರು ಅನ್ನೋ ದಾಖಲೆ ಉಳಿದರೆ ಇನ್ನೊಬ್ಬರು ಮತ್ತೆ ಲೆಕ್ಕ ಹಾಕಬಹುದು. ಇವತ್ತು ನಾವು ಕಾಣೆಯಾದ ಪ್ರಷ್ಯನ್ನರ ಬಗ್ಗೆ ಮಾತಾಡೋಕೆ ಆಗ್ತಿರೋದು ಆ ಕಾಗದಗಳಿಂದಲೇ.

ನೀವಿರುವ ದೇಶದಲ್ಲೂ ಇಂಥ ಮಾದರಿ ಇರಬಹುದು. ಆಸ್ಟ್ರೇಲಿಯಾದವರಾದರೆ ಕ್ಯಾನ್‌ಬೆರಾದ ವಾರ್ ಮೆಮೋರಿಯಲ್‌ನಲ್ಲಿ ಲೋನ್ ಪೈನ್ ಕದನದ ಡಯೋರಾಮ ಇದೆ, ಹೋಗಿ ನೋಡಿ. ಮಕ್ಕಳನ್ನೂ ಕರ್ಕೊಂಡು ಹೋಗಿ. ಗಾಜಿಗೆ ಮೂಗು ಒತ್ತಿ ಅವರು ಗೊಂಬೆ ಎಣಿಸಲಿ, ಅದೇ ಮಜಾ. ಆಮೇಲೆ ಮೆಲ್ಲಗೆ ಕೇಳಿ: ಇದನ್ನು ಕಟ್ಟುವಾಗ ಯಾರನ್ನು ಕೇಳಿದ್ರಂತೆ? ದುಡ್ಡು ಯಾರು ಕೊಟ್ಟರು? ಈ ಖಾಲಿ ಜಾಗದಲ್ಲಿ ಆ ದಿನ ಯಾರಾದರೂ ಇದ್ದರಾ?