ಪಡಿತರ ಅಕ್ಕಿಯಲ್ಲಿ ತೇಲುವ ಕಾಳು ಪ್ಲಾಸ್ಟಿಕ್ಕೇ?

ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಪ್ಲಾಸ್ಟಿಕ್ ಬೆರೆಸಿದ್ದಾರೆ, ನೀರಿಗೆ ಹಾಕಿದರೆ ತೇಲುತ್ತದೆ ಎಂಬ ವಿಡಿಯೋ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ಕೆಲವು ಕಾಳು ಬೇರೆ ಬಣ್ಣದಲ್ಲಿರುವುದು ನಿಜ, ತೇಲುವುದೂ ನಿಜ. ಆದರೆ ಅವು ಪ್ಲಾಸ್ಟಿಕ್ ಅಲ್ಲ, ಅಕ್ಕಿ ಹಿಟ್ಟಿನಿಂದಲೇ ಮಾಡಿದ ಕಾಳುಗಳು.

ಇದಕ್ಕೆ ಸಾರವರ್ಧಿತ ಅಕ್ಕಿ ಎನ್ನುತ್ತಾರೆ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ವಿಟಮಿನ್ ಬಿ12 ಸೇರಿಸಿ ನಾದಿ, ಶಾವಿಗೆ ಒತ್ತಿದಂತೆ ಯಂತ್ರದಲ್ಲಿ ಒತ್ತಿ, ಅಕ್ಕಿ ಕಾಳಿನ ಆಕಾರಕ್ಕೆ ಕತ್ತರಿಸಿ ಒಣಗಿಸುತ್ತಾರೆ. 100 ಕಿಲೋ ಅಕ್ಕಿಗೆ ಸುಮಾರು 1 ಕಿಲೋ ಇಂಥ ಕಾಳು. ಒತ್ತುವಾಗ ಒಳಗೆ ಗಾಳಿ ಉಳಿಯುವುದರಿಂದ ಕೆಲವು ತೇಲುತ್ತವೆ. 2021ರ ಆಗಸ್ಟ್ 15ರಂದು ಪ್ರಧಾನಿ ಘೋಷಿಸಿದ ಈ ಯೋಜನೆ 2024ರ ಮಾರ್ಚ್ ಹೊತ್ತಿಗೆ ದೇಶದ ಪಡಿತರ ಅಕ್ಕಿಗೆಲ್ಲ ವಿಸ್ತರಿಸಿತು.

ಉಂಡೆ ಮಾಡಿ ಎಸೆದರೆ ಅನ್ನ ಪುಟಿಯುತ್ತದಲ್ಲ? ಪುಟಿಯುತ್ತದೆ. ಯಾವ ಅನ್ನವನ್ನಾದರೂ ಬಿಗಿಯಾಗಿ ಉಂಡೆ ಕಟ್ಟಿ ಎಸೆದು ನೋಡಿ. ಪಿಷ್ಟದ ಅಂಟು ಮತ್ತು ಒಳಗೆ ಸಿಕ್ಕ ಗಾಳಿ ಇದಕ್ಕೆ ಕಾರಣ. ಸುಟ್ಟು ನೋಡುವುದಾದರೆ, ಅಕ್ಕಿ ಕರಕಲಾಗುತ್ತದೆ. ಪ್ಲಾಸ್ಟಿಕ್ ಕರಗಿ ಹನಿಯುತ್ತದೆ. ಕುದಿಸಿದರೆ ಅಕ್ಕಿ ಬೆಂದು ಮೆತ್ತಗಾಗುತ್ತದೆ, ಪ್ಲಾಸ್ಟಿಕ್ ಬೇಯುವುದೇ ಇಲ್ಲ.

ಧಾರವಾಡ ಜಿಲ್ಲೆಯ ಹಳ್ಳಿಗಳಿಗೆ ಈ ಮಾತು ಯಾಕೆ ಮುಖ್ಯ? ಮಳೆ ಚೆನ್ನಾಗಿರುವ ಕಲಘಟಗಿ ಕಡೆ ಕೂರಿಗೆಯಲ್ಲಿ ಭತ್ತ ಬಿತ್ತುತ್ತಾರೆ. ಧಾರವಾಡದ ಹತ್ತಿರದ ಮುಗದದಲ್ಲಿ ಭತ್ತದ ಸಂಶೋಧನಾ ಕೇಂದ್ರವೇ ಇದೆ. 'ಮುಗದ ಸುಗಂಧ' ತಳಿಯ ಹೆಸರು ಆ ಊರಿನದೇ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳದ್ದು ಬೇರೆ ಕಥೆ: ಜೋಳ, ಕಡಲೆ, ಹತ್ತಿ. ಅಲ್ಲಿ ಮೊದಲಿನಿಂದಲೂ ಊಟವೆಂದರೆ ರೊಟ್ಟಿ. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲೆ ಬಡವರ ತಟ್ಟೆಯಲ್ಲಿ ಅನ್ನದ ಪಾಲು ಇನ್ನಷ್ಟು ಹೆಚ್ಚಿತು.

ಹಸಿವಿನ ಲೆಕ್ಕದಲ್ಲಿ ಇದು ಒಳ್ಳೆಯದೇ. ಕಬ್ಬಿಣಾಂಶದ ಲೆಕ್ಕ ಬೇರೆ. 100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ ಕಬ್ಬಿಣಾಂಶ ಇದ್ದರೆ, ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ 1 ಮಿಲಿಗ್ರಾಂ ಕೂಡ ಇರುವುದಿಲ್ಲ. ಸಾರವರ್ಧಿತ ಅಕ್ಕಿಗೆ ನಿಗದಿಯಾದ ಪ್ರಮಾಣ ಕಿಲೋಗೆ 28ರಿಂದ 42.5 ಮಿಲಿಗ್ರಾಂ. ಅಂದರೆ ಆ 'ಪ್ಲಾಸ್ಟಿಕ್' ಕಾಳು ಮಾಡುವ ಕೆಲಸವಿಷ್ಟೇ, ಅನ್ನವನ್ನು ಹೆಚ್ಚುಕಡಿಮೆ ಜೋಳದ ಮಟ್ಟಕ್ಕೆ ತರುವುದು! ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ. ಇದೊಂದರಿಂದಲೇ ರಕ್ತಹೀನತೆ ಹೋಗುತ್ತದೆ ಎನ್ನಲಾಗದು. ಗರ್ಭಿಣಿಯರು ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆ ನಿಲ್ಲಿಸಬಾರದು. ಸೊಪ್ಪು, ಕಾಳುಪಲ್ಯ, ಜೊತೆಗೆ ಲಿಂಬೆ ಹುಳಿ ಇರಲಿ. ಊಟದ ಜೊತೆ ಚಹಾ ಬೇಡ, ಅದು ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತದೆ.

ಹಾಗಾಗಿ ಆ ಕಾಳುಗಳನ್ನು ಆರಿಸಿ ಎಸೆಯಬೇಡಿ. ಅಕ್ಕಿ ತೊಳೆಯುವಾಗ ತೇಲಿದ್ದನ್ನು ನೀರಿನೊಡನೆ ಚೆಲ್ಲಬೇಡಿ, ಗಂಜಿ ಬಸಿಯದಂತೆ ನೀರು ಅಳತೆಗೆ ಹಾಕಿ. ಮನೆಯಲ್ಲಿ ಥಲಸ್ಸೇಮಿಯಾ ಅಥವಾ ಸಿಕಲ್ ಸೆಲ್ ರೋಗಿಗಳಿದ್ದರೆ ಮಾತ್ರ ವೈದ್ಯರನ್ನು ಕೇಳಿ.

ಅಕ್ಕಿಯಲ್ಲಿ ಹುಳು, ಬೂಷ್ಟು, ಮುಗ್ಗು ವಾಸನೆ ಇದ್ದರೆ ಅದು ನಿಜವಾದ ದೂರು. ಅದನ್ನು ಗ್ರೂಪಿಗೆ ಹಾಕುವ ಬದಲು ಆಹಾರ ಇಲಾಖೆಯ 1967 ಸಹಾಯವಾಣಿಗೆ ತಿಳಿಸಿ.