ಎಸ್‌ಎಸ್ ಬೋಲ್ಟು ಮತ್ತು ಉಪ್ಪುನೀರು

2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ 'ಕೌಂಡಿನ್ಯ' ನೌಕಾಪಡೆಗೆ ಸೇರಿತು. ನಾರಿನ ಹುರಿಯಿಂದ ಹಲಗೆ ಹೊಲಿದು ಕಟ್ಟಿದ ಹಾಯಿಹಡಗು ಅದು. ಅಂದಿನಿಂದ, ತುಕ್ಕಿನ ಗೊಡವೆ ಬೇಡವೆಂದೇ ನಮ್ಮ ಹಿರಿಯರು ಮೊಳೆ ಬಿಟ್ಟರೆಂಬ ಮಾತು ಕೇಳುತ್ತಿದ್ದೇನೆ. ಅದು ಅರ್ಧ ನಿಜ. ಹೊಲಿದ ಒಡಲು ಅಲೆಯ ಹೊಡೆತಕ್ಕೆ ಬಳುಕುತ್ತದೆ, ಹಾಗಾಗಿ ಬಾಳಿತು. ಹುರಿಯೂ ಕೊಳೆಯುತ್ತದೆ, ಬಿಚ್ಚಿ ಮತ್ತೆ ಹೊಲಿಯಬೇಕು.

ಮೊಳೆಯ ಚರಿತ್ರೆಯಲ್ಲಿ ನೆನಪಿಡಬೇಕಾದದ್ದು 'ಅಲಾರ್ಮ್' ಎಂಬ ಬ್ರಿಟಿಷ್ ಯುದ್ಧನೌಕೆ. ಮರಕೊರಕ ಹುಳದ ಕಾಟಕ್ಕೆ 1761ರಲ್ಲಿ ಅದರ ತಳಕ್ಕೆ ತಾಮ್ರದ ತಗಡು ಹೊದಿಸಿದರು. ಎರಡೇ ವರ್ಷದಲ್ಲಿ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳು ಕರಗಿಹೋಗಿದ್ದವು; ನಡುವೆ ಕಾಗದ ಉಳಿದುಕೊಂಡಿದ್ದಲ್ಲಿ ಮೊಳೆ ಗಟ್ಟಿಯಾಗಿತ್ತು. 1824ರಲ್ಲಿ ಹಂಫ್ರಿ ಡೇವಿ ಸತುವನ್ನು ಬಲಿಕೊಟ್ಟು ತಾಮ್ರ ಉಳಿಸುವ ಉಪಾಯ ತೋರಿಸಿದ. 1832ರಲ್ಲಿ ಮುಂಟ್ಜ್ ಎಂಬವನು 60 ಪಾಲು ತಾಮ್ರ, 40 ಪಾಲು ಸತುವಿನ ಹಿತ್ತಾಳೆಗೆ ಪೇಟೆಂಟ್ ಪಡೆದ. ಅಲ್ಲಿಂದ ನಮ್ಮ ಕಾಲಕ್ಕೆ ಬರೋಣ.

ನಾನು ಹುಬ್ಬಳ್ಳಿಯ ಲೇಥಿನ ಮುಂದೆ ಕೂದಲು ನೆರೆಸಿಕೊಂಡವನು. ಅರಬೈಲು ಘಟ್ಟ ಇಳಿದು ಕರಾವಳಿಗೆ ಹೋಗುವ ದೋಣಿ ಸಾಮಾನು ಮೊದಲು ಸತು ಲೇಪಿಸಿದ ಜಿಐ ಬೋಲ್ಟಾಗಿತ್ತು, ಆಮೇಲೆ ಎಲ್ಲಕ್ಕೂ 'ಎಸ್‌ಎಸ್ ಹಾಕ್ರಿ' ಎಂಬ ಮಂತ್ರ ಬಂತು, ಅಂದರೆ ಸ್ಟೇನ್‌ಲೆಸ್ ಸ್ಟೀಲ್. ಯಾವ ಎಸ್‌ಎಸ್? 304ರಲ್ಲಿ ಮಾಲಿಬ್ಡಿನಮ್ ಇಲ್ಲ, 316ರಲ್ಲಿ ಶೇ. 2ರಿಂದ 3ರಷ್ಟಿದೆ, ಉಪ್ಪುನೀರಿನಲ್ಲಿ ಚುಕ್ಕೆತೂತು ಬೀಳದಂತೆ ತಡೆಯುವುದು ಅದೇ. ಅಗ್ಗದ 202 ನಿಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಮಾಲು. ಮೂರಕ್ಕೂ ಅಯಸ್ಕಾಂತ ಅಂಟುವುದಿಲ್ಲವೆನ್ನಬಹುದು. ಆದರೂ ಅಂಗಡಿಯವರ ಪರೀಕ್ಷೆ ಅಯಸ್ಕಾಂತವೇ!

316 ಇದ್ದರೂ ಜಾಗ ನೋಡಬೇಕು. ಸ್ಟೇನ್‌ಲೆಸ್ಸನ್ನು ಕಾಯುವುದು ಕ್ರೋಮಿಯಂ ಆಕ್ಸೈಡಿನ ತೆಳುಪೊರೆ. ಅದು ಮಾಯಲು ಆಮ್ಲಜನಕ ಬೇಕು. ನೀರಿನ ಮಟ್ಟದ ಕೆಳಗೆ, ನೆನೆದ ಮರದೊಳಗೆ ಆಮ್ಲಜನಕ ಸಾಕಷ್ಟು ಸಿಗುವುದಿಲ್ಲ. ಬಿಚ್ಚಿ ನೋಡಿದರೆ ಬೋಲ್ಟಿನ ತಲೆ ಥಳಥಳ, ನಡು ಸವೆದು ಸಣಕಲು. ಹಿತ್ತಾಳೆ ಸ್ಕ್ರೂ ಇನ್ನೂ ಕೆಟ್ಟದ್ದು: ಸತುವು ನೀರಿಗೆ ಹೋಗಿ, ಉಳಿಯುವುದು ಬೆರಳಲ್ಲಿ ಪುಡಿಯಾಗುವ ಕೆಂಪು ತಾಮ್ರ. ಹಾಗಾಗಿ ಮರದ ಒಡಲಿಗೆ ತಾಮ್ರದ ಮೊಳೆ ಅಥವಾ ಶೇ. 3ರಷ್ಟು ಸಿಲಿಕಾನ್ ಬೆರೆಸಿದ ಕಂಚು. ಗಾಳಿಯಾಡುವ ಹಾಯಿಕಂಬದ ತಂತಿಪಟ್ಟಿಗೆ 316. ಇದು ಹಳೆಯವರ ಹಟ ಎನ್ನುವವರು ಹತ್ತು ವರ್ಷ ನೀರಲ್ಲಿದ್ದ ಒಂದು ಬೋಲ್ಟು ಬಿಚ್ಚಲಿ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೀಲ್ ಸ್ಕ್ರೂ ಹಾಕುವುದಾದರೆ ನಡುವೆ ನೈಲಾನ್ ವಾಷರ್ ಇರಬೇಕು. ಅಲಾರ್ಮಿನ ಕಾಗದ ಮಾಡಿದ ಕೆಲಸ ಅದೇ.

ಕಾರೈಕುಡಿಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ 1953ರಿಂದ, ಕೊಚ್ಚಿಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ 1957ರಿಂದ ಇವೆ. ಅವರ ಪ್ರಬಂಧಗಳು ಇಂಗ್ಲಿಷಿನಲ್ಲಿವೆ. ದೋಣಿ ಬಡಗಿ ಓದಬಹುದಾದ ಕನ್ನಡ ಕೈಪಿಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಲೋಹದ ಕೋಷ್ಟಕಗಳೋ ತುಂಬುಗಡಲಿನ ನೀರಿಗೆ ಬರೆದವು. ಕಾಳಿ ನದಿಯ ಅಳಿವೆಯಲ್ಲಿ ಬೇಸಿಗೆಯ ನೀರೇ ಬೇರೆ, ಮಳೆಗಾಲದ ನೀರೇ ಬೇರೆ. ಅಂಥ ಕೈಪಿಡಿ ಬರುವವರೆಗೆ ಬೋಲ್ಟಿನ ತಲೆ ನೋಡಿ: ಎ4 ಎಂಬ ಅಚ್ಚಿದ್ದರೆ 316ರ ಜಾತಿ, ಎ2 ಇದ್ದರೆ 304ರದ್ದು. ಅಚ್ಚೇ ಇಲ್ಲದ್ದನ್ನು ಕೊಡುವ ಅಂಗಡಿಯವರಿಗೆ, ಬಿಲ್ಲಿನ ಮೇಲೆ ಗ್ರೇಡು ಬರೆದುಕೊಡಿ ಅನ್ನಿ.