ಹರಿಗೋಲಿನ ಆಯಸ್ಸು

ಹಂಪಿಯ ವಿಠ್ಠಲ ದೇವಾಲಯದ ಕಡೆಯಿಂದ ಹೊಳೆಗೆ ಇಳಿದರೆ ನೀರಿನ ನಡುವೆ ಸಾಲಾಗಿ ನಿಂತ ಕಲ್ಲಿನ ಕಂಬಗಳು ಕಾಣುತ್ತವೆ. ವಿಜಯನಗರದ ಕಾಲದಲ್ಲಿ ಆನೆಗೊಂದಿಯ ದಡಕ್ಕೆ ಹೋಗಲು ಕಟ್ಟಿದ್ದ ಸೇತುವೆಯ ಅವಶೇಷಗಳು ಅವು. ಮೇಲಿನ ದಾರಿ ಯಾವಾಗಲೋ ತುಂಗಭದ್ರೆಯ ಪಾಲಾಗಿದೆ. ಅಲ್ಲಿಗೆ ಸಮೀಪದ ತಳವಾರಘಟ್ಟದಲ್ಲಿ 1990ರ ದಶಕದಲ್ಲಿ ಕಾಂಕ್ರೀಟ್ ಸೇತುವೆಯೊಂದು ಮೇಲೇಳತೊಡಗಿತು. ವಿಶ್ವ ಪರಂಪರೆಯ ತಾಣದ ಮಗ್ಗುಲಲ್ಲೇ ಇಂಥ ಕಟ್ಟಡ ಬೇಕೇ ಎಂಬ ವಿವಾದದಲ್ಲಿ ಕೆಲಸ ವರ್ಷಗಟ್ಟಲೆ ನಿಂತಿತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲು ಈ ಸೇತುವೆಯೂ ಒಂದು ಕಾರಣವಾಗಿತ್ತು. ಕೊನೆಗೆ 2009ರ ಜನವರಿಯಲ್ಲಿ, ಇನ್ನೂ ಪೂರ್ಣಗೊಳ್ಳದ ಆ ಸೇತುವೆ ಕುಸಿದು ಬಿದ್ದು ಕಾರ್ಮಿಕರು ಪ್ರಾಣ ಕಳೆದುಕೊಂಡರು.

ಕಲ್ಲಿನ ಸೇತುವೆ ಹೋಯಿತು, ಕಾಂಕ್ರೀಟಿನದು ದಡ ಸೇರುವ ಮೊದಲೇ ಬಿತ್ತು. ಈ ಎರಡರ ನಡುವಿನ ಕಾಲದಲ್ಲಿ ಗಂಗಾವತಿ ತಾಲೂಕಿನ ಆನೆಗೊಂದಿಯ ಜನರನ್ನು, ಅವರ ದವಸ ಧಾನ್ಯವನ್ನು, ಆಮೇಲೆ ಅವರ ಸೈಕಲ್ಲು ಮತ್ತು ಮೋಟಾರ್ ಸೈಕಲ್ಲುಗಳನ್ನು ಆಚೆ ದಡಕ್ಕೆ ಮುಟ್ಟಿಸಿದ್ದು ಬಿದಿರಿನ ಒಂದು ಬುಟ್ಟಿ. ಅದೇ ಹರಿಗೋಲು. ಹೊಳೆಸಾಲಿನ ಅನೇಕ ಊರುಗಳಲ್ಲಿ ತೆಪ್ಪ ಎಂದೂ, ರಾಯಚೂರಿನ ಕಡೆ ಪುಟ್ಟಿ ಎಂದೂ ಕರೆಯುವುದುಂಟು.

ಕೃಷ್ಣದೇವರಾಯನ ಆಳ್ವಿಕೆಯಲ್ಲಿ, ಸುಮಾರು 1520ರಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ದೋಣಿಯನ್ನು ಕಂಡು ಬೆರಗಾಗಿರಬೇಕು. ಬುಟ್ಟಿಯಂತೆ ದುಂಡಗಿದೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂದು ಆತ ಬರೆದಿಟ್ಟಿದ್ದಾನೆ. ಅದು ನೆಟ್ಟಗೆ ಸಾಗದೆ ಸದಾ ಗಿರಗಿರನೆ ತಿರುಗುತ್ತಿರುತ್ತದೆ ಎಂಬುದೂ ಅವನ ಕಣ್ಣಿಗೆ ಬಿದ್ದಿದೆ. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಈ ವರದಿಯ ಇಂಗ್ಲಿಷ್ ಅನುವಾದವಿದೆ. ತೊಗಲಿನ ಮಾತೊಂದನ್ನು ಬಿಟ್ಟರೆ ಆ ವರ್ಣನೆಯಲ್ಲಿ ಇಂದು ತಿದ್ದಬೇಕಾದ್ದು ಹೆಚ್ಚೇನೂ ಇಲ್ಲ.

ಬಿದಿರಿನ ಬುಟ್ಟಿ ಐನೂರು ವರ್ಷ ಬಾಳುವ ವಸ್ತುವಲ್ಲ. ಮಳೆ, ಬಿಸಿಲು, ಹುಳು ಮೂರೂ ಅದಕ್ಕೆ ಶತ್ರುಗಳೇ. ನಿತ್ಯ ದುಡಿಯುವ ಹರಿಗೋಲು ಕೆಲವೇ ವರ್ಷಗಳಲ್ಲಿ ಸವೆಯುತ್ತದೆ. ಹಾಗಿದ್ದೂ ಸಾಮ್ರಾಜ್ಯ ಅಳಿದ ಹೊಳೆಯಲ್ಲಿ ಅದು ಉಳಿದುಕೊಂಡಿತಲ್ಲ, ಇದರ ಗುಟ್ಟು ತಿಳಿಯಲು ಅದನ್ನು ಕಟ್ಟುವ ಮತ್ತು ಕಾಪಾಡುವ ಬಗೆಯನ್ನು ನೋಡಬೇಕು.

ಕಟ್ಟುವವನು ಮೊದಲು ನೆಲದ ಮೇಲೆ ಬಿದಿರಿನ ಅಗಲವಾದ ಸೀಳುಗಳನ್ನು ಅಡ್ಡಡ್ಡ ಹಾಸಿ ತಳ ಹೆಣೆಯುತ್ತಾನೆ. ಅದು ಮೇಲೇಳದಂತೆ ಕಲ್ಲು ಹೇರಿ ಸೀಳುಗಳ ತುದಿಗಳನ್ನು ಮೇಲಕ್ಕೆ ಬಾಗಿಸುತ್ತಾನೆ. ಸುತ್ತಲೂ ತೆಳುವಾದ ಸೀಳುಗಳನ್ನು ಹೆಣೆಯುತ್ತ ಗೋಡೆ ಎಬ್ಬಿಸಿ, ಬಾಯಿಯ ಸುತ್ತ ಹಲವು ಸೀಳುಗಳನ್ನು ಒಟ್ಟಿಗೆ ಬಿಗಿದು ದಪ್ಪನೆಯ ಅಂಚು ಕಟ್ಟುತ್ತಾನೆ. ಮೊಳೆ ಬೇಕಿಲ್ಲ, ಕಬ್ಬಿಣ ಬೇಕಿಲ್ಲ. ಎಲ್ಲ ಬಿಗಿಯೂ ಹೆಣಿಗೆಯಿಂದಲೇ ಬರುತ್ತದೆ. ಹಾಗಾಗಿ ಇಡೀ ದೋಣಿ ಸ್ವಲ್ಪ ಬಳುಕುತ್ತದೆ, ಅದೇ ಅದರ ಬಲ. ಆನೆಗೊಂದಿಯ ಬಳಿ ತುಂಗಭದ್ರೆ ಹರಿಯುವುದು ಬಂಡೆಗಳ ನಡುವೆ. ಕೆಲವು ನೀರಿನ ಮೇಲೆ ಕಾಣುತ್ತವೆ, ಕೆಲವು ಗೇಣುದ್ದ ಕೆಳಗೆ ಅಡಗಿರುತ್ತವೆ. ಹಲಗೆಯ ದೋಣಿ ಅಂಥ ಬಂಡೆಗೆ ತಾಗಿದರೆ ಬಿರಿಯುತ್ತದೆ. ಹರಿಗೋಲು ತಾಗಿದ ಜಾಗದಲ್ಲಿ ಒಳಕ್ಕೆ ಬಾಗಿ ಮತ್ತೆ ಹೊರಕ್ಕೆ ಬರುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದ ನೀರೂ ಅದಕ್ಕೆ ಸಾಕು. ದೋಣಿಗಿರುವಂತೆ ಅಡಿಯಲ್ಲಿ ಉದ್ದನೆಯ ಏಣು ಇಲ್ಲದಿರುವುದೇ ಅದು ತಿರುಗಲು ಕಾರಣ. ಹುಟ್ಟನ್ನು ಮುಂದೆ ನೀರಿಗಿಳಿಸಿ ಎಡಕ್ಕೂ ಬಲಕ್ಕೂ ಎಳೆಯುತ್ತ ಆ ತಿರುಗುವಿಕೆಯನ್ನು ಹತೋಟಿಗೆ ತರುವುದು ಅಂಬಿಗನ ಕೈಚಳಕ.

ಹೊದಿಕೆಯ ಕಥೆ ಬೇರೆ. ಹಿಂದೆ ದನ ಎಮ್ಮೆಗಳ ತೊಗಲನ್ನು ಹೊಲಿದು ಬುಟ್ಟಿಗೆ ಬಿಗಿಯುತ್ತಿದ್ದರು. ತೊಗಲು ಬಹಳ ಹೊತ್ತು ನೀರಲ್ಲಿ ನೆನೆದರೆ ಮೆತ್ತಗಾಗಿ ಕೊಳೆಯುತ್ತದೆ, ಬಹಳ ಹೊತ್ತು ಬಿಸಿಲಲ್ಲಿದ್ದರೆ ಸೆಟೆದು ಸೀಳುತ್ತದೆ. ಆದ್ದರಿಂದ ಕೆಲಸ ಮುಗಿದೊಡನೆ ಹರಿಗೋಲನ್ನು ದಡಕ್ಕೆಳೆದು ಬೋರಲು ಹಾಕಿ ಆರಿಸಬೇಕು, ಆಗಾಗ ಎಣ್ಣೆ ಇಲ್ಲವೇ ಕೊಬ್ಬು ಸವರಬೇಕು, ಸಡಿಲವಾದ ಹೊಲಿಗೆಯನ್ನು ಬಿಗಿಮಾಡಬೇಕು. ಆರಿಸುವ ಪದ್ಧತಿ ತೊಗಲು ಹೋದ ಮೇಲೂ ಉಳಿದಿದೆ. ಬೆಳಗಿನ ಹೊತ್ತು ಹೊಳೆದಂಡೆಯಲ್ಲಿ ಆಮೆಗಳಂತೆ ಬೋರಲು ಬಿದ್ದಿರುವ ಹರಿಗೋಲುಗಳು ಪ್ರವಾಸಿಗರ ಕ್ಯಾಮೆರಾಗಳಿಗೆ ಚಿತ್ರವಾಗುತ್ತವೆ. ಅಂಬಿಗರಿಗೆ ಅದು ದಿನದ ದುರಸ್ತಿ ಕೆಲಸದ ಮೊದಲ ಹಂತ.

1803ರ ಮರಾಠಾ ಯುದ್ಧದ ಸಮಯದಲ್ಲಿ ದಕ್ಷಿಣದ ತುಂಬಿದ ಹೊಳೆಗಳನ್ನು ಸೈನ್ಯ ದಾಟಬೇಕಾಗಿ ಬಂದಾಗ ಆರ್ಥರ್ ವೆಲ್ಲೆಸ್ಲಿ ನೆಚ್ಚಿಕೊಂಡದ್ದೂ ಇಂಥ ಬುಟ್ಟಿದೋಣಿಗಳನ್ನೇ. ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ! ಬಿದಿರು, ತೊಗಲು, ಹೆಣೆಯುವ ಜನ ಸಿಕ್ಕರೆ ಬೇಕೆಂದ ಕಡೆ ಇವನ್ನು ಕಟ್ಟಿಸಬಹುದಿತ್ತು. ಸೈನ್ಯಕ್ಕೆ ಅದಕ್ಕಿಂತ ದೊಡ್ಡ ಅನುಕೂಲ ಬೇರೊಂದಿರಲಿಲ್ಲ.

ತೂತು ಬಿದ್ದ ಹರಿಗೋಲು ಈ ನಾಡಿನವರಿಗೆ ಎಷ್ಟು ಪರಿಚಿತ ಎಂಬುದಕ್ಕೆ ಪುರಂದರದಾಸರ ಅಂಬಿಗನ ಕೀರ್ತನೆಯೇ ಸಾಕ್ಷಿ. ಅಲ್ಲಿ ಮನುಷ್ಯ ದೇಹವೇ ಒಂಬತ್ತು ತೂತುಗಳ, ಭಾರ ತುಂಬಿದ ಹರಿಗೋಲು. ದಾಸರು ಪಾಯೆಸ್‌ನ ಸಮಕಾಲೀನರು. ಹಂಪಿಯ ಹೊಳೆದಂಡೆಯಲ್ಲಿ ಅವರ ಹೆಸರಿನ ಮಂಟಪವಿದೆ. ಅವರು ಕಣ್ಣಾರೆ ಕಂಡ ವಸ್ತುವನ್ನೇ ಹಾಡಿಗೆ ತಂದರೆಂದು ಊಹಿಸಲು ಅಡ್ಡಿಯಿಲ್ಲ.

ಹರಿಗೋಲಿನ ನಂಟರು ದೂರದೂರದಲ್ಲಿದ್ದಾರೆ. ಇರಾಕಿನ ಟೈಗ್ರಿಸ್, ಯೂಫ್ರೆಟಿಸ್ ನದಿಗಳಲ್ಲಿ ಕುಫ್ಫಾ ಎಂಬ ದುಂಡು ದೋಣಿ ಇತ್ತೀಚಿನ ಶತಮಾನದವರೆಗೂ ಓಡಾಡುತ್ತಿತ್ತು. ಅಸ್ಸೀರಿಯದ ದೊರೆಗಳ ಅರಮನೆಯ ಉಬ್ಬುಶಿಲ್ಪಗಳಲ್ಲೂ ಅಂಥ ದೋಣಿಗಳಿವೆ. ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿರುವ ಸಂಗತಿ ಸ್ವಾರಸ್ಯಕರವಾಗಿದೆ. ಆರ್ಮೇನಿಯದ ವ್ಯಾಪಾರಿಗಳು ತೊಗಲು ಹೊದಿಸಿದ ದುಂಡು ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಕೂರಿಸಿಕೊಂಡು ಬ್ಯಾಬಿಲೋನಿಗೆ ಬರುತ್ತಿದ್ದರಂತೆ. ಸರಕು ಮಾರಿದ ಮೇಲೆ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಊರಿಗೆ ಮರಳುತ್ತಿದ್ದರಂತೆ. ಅವರಿಗೆ ಹಂದರ ಅಗ್ಗ, ತೊಗಲು ದುಬಾರಿ. ತುಂಗಭದ್ರೆಯ ದಡದಲ್ಲಿ ಲೆಕ್ಕ ತಲೆಕೆಳಗಾಗಿದೆ. ಇಲ್ಲಿ ಹೊದಿಕೆ ಅಗ್ಗವಾಯಿತು, ಹಂದರವೇ ದುಬಾರಿಯಾಯಿತು.

ಇರಾಕಿನ ಕುಫ್ಫಾಕ್ಕೆ ನೀರಿಳಿಯದಂತೆ ಬಳಿಯುತ್ತಿದ್ದುದು ನೆಲದಿಂದ ಉಕ್ಕುವ ಕಪ್ಪು ರಾಳ. ನಮ್ಮ ಹರಿಗೋಲಿಗೆ ಅದೇ ಬಗೆಯ ವಸ್ತು ಬಂದದ್ದು ರಸ್ತೆಗಳ ಮೂಲಕ, ಡಾಂಬರಿನ ರೂಪದಲ್ಲಿ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ 1930ರ ದಶಕದಲ್ಲಿ ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ ಲೇಖನ ಬರೆದಾಗ ತೊಗಲು ಇನ್ನೂ ಬಳಕೆಯಲ್ಲಿತ್ತು. ಆಮೇಲೆ ಕ್ಯಾನ್ವಾಸು ಬಂತು, ಅದರ ಹಿಂದೆ ಪ್ಲಾಸ್ಟಿಕ್ ಹಾಳೆ ಮತ್ತು ಗೊಬ್ಬರದ ಚೀಲ ಬಂದವು. ಚೀಲಗಳನ್ನು ಬಿಚ್ಚಿ ಹೊಲಿದು ಬುಟ್ಟಿಗೆ ಹೊದಿಸಿ, ಕಾಯಿಸಿದ ಡಾಂಬರು ಬಳಿದರೆ ನೀರು ಒಳಗೆ ಬಾರದು. ತಳ ಬಂಡೆಗೆ ಉಜ್ಜಿ ತೂತಾದರೆ ಒಂದು ತುಂಡು ಬಟ್ಟೆ, ಒಂದು ಹಿಡಿ ಡಾಂಬರು ಸಾಕು. ಇದರಲ್ಲಿ ಹಿಗ್ಗಲು ಹೆಚ್ಚೇನೂ ಇಲ್ಲ. ಹರಿದ ಪ್ಲಾಸ್ಟಿಕ್ ಕೊನೆಗೆ ಸೇರುವುದು ಹೊಳೆಯನ್ನೇ. ಆದರೂ ಹಳೆಯ ದೋಣಿಯ ಪಾಲಿಗೆ ಅದೇ ಸಂಜೀವಿನಿಯಾಯಿತೆಂಬುದನ್ನು ಅಲ್ಲಗಳೆಯಲಾಗದು.

ಮೀನುಗಾರಿಕೆಯ ಇನ್ನೊಂದು ಸಾಧನದೊಡನೆ ಹೋಲಿಸಿದರೆ ಈ ಬಾಳಿಕೆಯ ಸ್ವರೂಪ ಇನ್ನಷ್ಟು ಸ್ಪಷ್ಟವಾಗುತ್ತದೆ. ಗಾಳದ ಕೋಲಿಗೆ ರೀಲು ಕಟ್ಟಿ ಮೀನು ಹಿಡಿಯುವ ಹವ್ಯಾಸವನ್ನು ಕರ್ನಾಟಕಕ್ಕೆ ತಂದವರು ಬ್ರಿಟಿಷರು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ ಈ ವಿಷಯದ ಮೇಲೆ 1873ರಲ್ಲೇ ಪುಸ್ತಕ ಬರೆದಿದ್ದ. ಹುಲಿ ಚಿರತೆಗಳ ಚರ್ಮವನ್ನು ಕೆಡದಂತೆ ಸಿದ್ಧಪಡಿಸಿ ನಿಲ್ಲಿಸುವ ಕೆಲಸಕ್ಕೆ ಹೆಸರಾದ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು 1946ರಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನು ಹಿಡಿದು ದಾಖಲೆ ಬರೆದರು. 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಮೂವರು ಕಾವೇರಿಯಲ್ಲಿ ಭಾರಿ ಮಹಶೀರ್‌ಗಳನ್ನು ಹಿಡಿದ ಮೇಲೆ ಭೀಮೇಶ್ವರಿಯ ಕಡೆಗೆ ವಿದೇಶಿಯರ ದಂಡು ಬರತೊಡಗಿತು. ಅವರ ಕೈಯಲ್ಲಿ ಸ್ವೀಡನ್ ಅಮೆರಿಕಗಳ ರೀಲು, ಕಾಲ ಕೆಳಗೆ ಬಿದಿರಿನ ಹರಿಗೋಲು!

ರೀಲು ಗಡಿಯಾರದ ಕುಲದ್ದು. ದಾರದ ಉರುಳೆ ತಾನೇ ತಿರುಗಿ ದಾರ ಬಿಡುವ ಬೇಟ್‌ಕಾಸ್ಟಿಂಗ್ ರೀಲನ್ನು 19ನೇ ಶತಮಾನದ ಆರಂಭದಲ್ಲಿ ರೂಪಿಸಿದವನು ಅಮೆರಿಕದ ಕೆಂಟಕಿಯ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ತಯಾರಕ. 1950ರ ದಶಕದಲ್ಲಿ ಅಂಬಾಸಡರ್ ಎಂಬ ಪ್ರಸಿದ್ಧ ರೀಲನ್ನು ಹೊರತಂದ ಸ್ವೀಡನ್ನಿನ ಅಬು ಕಂಪೆನಿಯೂ ಮೊದಲು ಗಡಿಯಾರ, ಟ್ಯಾಕ್ಸಿ ಮೀಟರು ಮಾಡುತ್ತಿತ್ತು. ನೀರಿನಿಂದ ಬಂದ ಕೂಡಲೇ ಒರೆಸಿ ಒಣಗಿಸಿ, ಮರಳಿನ ಕಣ ತೆಗೆದು, ತಿರುಗುವ ಗುಂಡಿಗೆ ಒಂದು ಹನಿ ಎಣ್ಣೆ, ಹಲ್ಲುಚಕ್ರಕ್ಕೆ ಚಿಟಿಕೆ ಗ್ರೀಸು ಹಾಕಿ, ಬ್ರೇಕಿನ ಬಿಗಿ ಸಡಿಲಿಸಿ ಇಟ್ಟರೆ ಅಂಥ ರೀಲು ಅಪ್ಪನಿಂದ ಮಗನಿಗೆ ಬರುತ್ತದೆ. ಆದರೆ ಒಂದು ಹಲ್ಲು ಮುರಿದರೆ ಬಿಡಿಭಾಗ ಬರಬೇಕಾದ್ದು ಕಾರ್ಖಾನೆಯಿಂದ. ಹರಿಗೋಲು ಅಷ್ಟು ವರ್ಷ ಬಾಳದು, ಆದರೆ ಅದರ ಕಾರ್ಖಾನೆ ಹೊಳೆದಂಡೆಯಲ್ಲೇ ಇದೆ. ಈ ವರ್ಷ ಅಂಚು, ಮುಂದಿನ ವರ್ಷ ತಳ, ಅದರಾಚೆ ಹೊದಿಕೆ ಎಂದು ಬದಲಾಗುತ್ತ ಹೋಗುವ ಹರಿಗೋಲು ಹಳೆಯದೋ ಹೊಸದೋ ಎಂದು ಹೇಳುವುದೇ ಕಷ್ಟ.

ಕೊಪ್ಪಳ ಜಿಲ್ಲೆಯೆಲ್ಲ ಹರಿಗೋಲಿನ ಸೀಮೆಯಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯವರದು ಮಳೆ, ಕೆರೆ, ಬಾವಿ ನಂಬಿದ ಬದುಕು. ಕೊಪ್ಪಳ ಮತ್ತು ಗಂಗಾವತಿ ತಾಲೂಕುಗಳ ಹೊಳೆಸಾಲಿನಲ್ಲಿ ಮಾತ್ರ ಅದು ಮನೆಯ ಸಾಮಾನು. ಮುನಿರಾಬಾದಿನ ಬಳಿ ಅಣೆಕಟ್ಟು ಎದ್ದು 1953ರಲ್ಲಿ ನೀರು ನಿಂತ ಮೇಲೆ ಅದಕ್ಕೆ ಹೊಸ ಕೆಲಸ ಸಿಕ್ಕಿತು. ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡುವ ಜಲಾಶಯದಲ್ಲಿ ಸಂಜೆ ಬಲೆ ಬಿಟ್ಟು ಬೆಳಿಗ್ಗೆ ಎತ್ತುವ ಮೀನುಗಾರರಿಗೆ, ಯಾವ ಕಡೆ ಬಾಗಿ ಬಲೆ ಎಳೆದರೂ ಸುಲಭವಾಗಿ ಮಗುಚದ ಅಗಲ ತಳದ ಹರಿಗೋಲು ಹೇಳಿ ಮಾಡಿಸಿದಂತಿತ್ತು. ಆದರೆ ವಿಶಾಲ ನೀರಿನಲ್ಲಿ ಗಾಳಿ ಎದ್ದರೆ ಅದೇ ದುಂಡು ಬುಟ್ಟಿ ದಡ ಸೇರಲು ಪರದಾಡುತ್ತದೆ. ಅಂಥ ಹೊತ್ತಿನಲ್ಲಿ ಸಡಿಲ ಅಂಚು ಅಥವಾ ಹಳೆಯ ತೇಪೆ ಬರೀ ದುರಸ್ತಿಯ ಮಾತಾಗಿ ಉಳಿಯುವುದಿಲ್ಲ, ಜೀವದ ಪ್ರಶ್ನೆಯಾಗುತ್ತದೆ.

ಈಗಿನ ಕಷ್ಟ ಬಿದಿರಿನದು. ಈ ಬಯಲುಸೀಮೆಯಲ್ಲಿ ಅದು ಬೆಳೆಯುವುದು ಅಪರೂಪ, ಹೊರಗಿನಿಂದ ತರಿಸಬೇಕು. 2017ರಲ್ಲಿ ತಿದ್ದುಪಡಿ ಆಗುವವರೆಗೆ ಅರಣ್ಯ ಕಾಯ್ದೆಯ ಕಣ್ಣಿನಲ್ಲಿ ಹುಲ್ಲಿನ ಜಾತಿಯ ಬಿದಿರು ಮರವೇ ಆಗಿತ್ತು. ಕಡಿಯಲೂ ಸಾಗಿಸಲೂ ಪರವಾನಗಿ ಬೇಕಾಗುತ್ತಿತ್ತು. ಅರಣ್ಯದ ಹೊರಗೆ ಬೆಳೆದ ಬಿದಿರಿಗೆ ಆಮೇಲೆ ವಿನಾಯಿತಿ ಸಿಕ್ಕಿದೆ. ಎಳೆಯ ಬಿದಿರಾದರೆ ಬೇಗ ಹುಳು ಬೀಳುತ್ತದೆ. ಬಲಿತದ್ದನ್ನು ಆರಿಸಿ ನೀರಲ್ಲಿ ನೆನೆಹಾಕಿ, ಹುಳುವಿಗೆ ಆಹಾರವಾಗುವ ಸಿಹಿ ಅಂಶ ಕರಗಿದ ಮೇಲೆ ಸೀಳಬೇಕು. ಇದು ಪುಸ್ತಕದಲ್ಲಿ ಓದಿ ಬರುವ ವಿದ್ಯೆಯಲ್ಲ. ಬಿದಿರು ಹೆಣೆಯುವುದು ಮೇದಾರರ ಕುಲಕಸುಬು. ಹರಿಗೋಲನ್ನು ಮಾತ್ರ ಅನೇಕ ಕಡೆ ಅಂಬಿಗರೇ ಹೆಣೆದುಕೊಳ್ಳುತ್ತಾರೆ. ಕಟ್ಟುವವನೇ ನಡೆಸುವವನೂ ಆದ್ದರಿಂದ ಯಾವ ಸೀಳು ಸೋತಿದೆ ಎಂಬುದು ಅವನ ಪಾದಕ್ಕೇ ಗೊತ್ತಾಗುತ್ತದೆ.

ಮೀನುಗಾರರಿಗೆ ಸರ್ಕಾರದ ಯೋಜನೆಗಳಲ್ಲಿ ಈಗ ಫೈಬರ್ ಗ್ಲಾಸಿನ ಹರಿಗೋಲುಗಳೂ ಸಿಗುತ್ತವೆ. ಅವುಗಳಿಗೆ ಹುಳು ಬೀಳದು, ಡಾಂಬರು ಬೇಡ. ಹೆಚ್ಚು ಕಾಲ ಬಾಳುತ್ತವೆ ಎಂಬುದೂ ನಿಜ, ಬಡ ಮೀನುಗಾರನಿಗೆ ಅದು ಸಣ್ಣ ಅನುಕೂಲವಲ್ಲ. ಆದರೆ ಬಂಡೆಗೆ ಬಡಿದಾಗ ಅವು ಬಿದಿರಿನಷ್ಟು ಬಳುಕುವುದಿಲ್ಲ. ಬಿರುಕು ಬಿಟ್ಟರೆ ಮುಚ್ಚಲು ಬೇಕಾದ ರಾಸಾಯನಿಕ ಅಂಟು, ಗಾಜಿನೆಳೆಯ ಬಟ್ಟೆ ಹೊಳೆದಂಡೆಯಲ್ಲಿ ಸಿಗುವ ವಸ್ತುಗಳೂ ಅಲ್ಲ.

ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆ ಆದ ಮೇಲೆ ಆನೆಗೊಂದಿಯ ಕಡೆಯವರು ಹೊಳೆ ದಾಟಲು ಅಂಬಿಗನನ್ನು ಕಾಯಬೇಕಾಗಿಲ್ಲ. ಹರಿಗೋಲಿಗೆ ಉಳಿದಿರುವುದು ಮೀನು ಮತ್ತು ಪ್ರವಾಸಿಗರು. ಸಾಣಾಪುರದ ಕೆರೆಯಲ್ಲೂ ಹಂಪಿಯ ಹೊಳೆಯಲ್ಲೂ ಅಂಬಿಗರು ಬುಟ್ಟಿಯನ್ನು ನಡುನೀರಿಗೆ ಒಯ್ದು ಬೇಕೆಂದೇ ಬುಗುರಿಯಂತೆ ತಿರುಗಿಸುತ್ತಾರೆ. ನೆಟ್ಟಗೆ ಹೋಗದು ಎಂದು ಪಾಯೆಸ್ ಗುರುತು ಹಾಕಿಕೊಂಡಿದ್ದ ಆ ಗುಣಕ್ಕೇ ಈಗ ಜನ ಹಣ ಕೊಡುತ್ತಾರೆ. ಅಣೆಕಟ್ಟಿನ ಗೇಟುಗಳನ್ನು ತೆರೆದ ದಿನ ಆ ಸಂಪಾದನೆಯೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ, ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಹರಿಸಬೇಕಾಯಿತು. ಹೊಳೆ ಹಾಗೆ ಉಕ್ಕಿದಾಗ ಹರಿಗೋಲುಗಳನ್ನು ಮೇಲಕ್ಕೆ ಎಳೆದು ಬೋರಲು ಹಾಕಿ ಕಾಯುವುದಷ್ಟೇ ಅಂಬಿಗರ ಪಾಲಿನ ಕೆಲಸ.